ಅಂಗಡಿ ಕೆಲಸದ ನಡುವೆ ಹಾಕಿ ಹುಚ್ಚು: ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ನಮಸ್ಕಾರ. ನನ್ನದು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಹತ್ತಕ್ಕೆ ಹೋದರೆ ಮನೆಗೆ ಬರುವುದು ರಾತ್ರಿ ಒಂಬತ್ತೂವರೆಗೆ. ಚಿಕ್ಕಂದಿನಿಂದ ಹಾಕಿ ಅಂದರೆ ಪ್ರಾಣ. ಆದರೆ ಸುತ್ತಮುತ್ತ ಎಲ್ಲರದ್ದೂ ಕ್ರಿಕೆಟ್ ಮಾತು. ನನ್ನ ಜೊತೆ ಕೂತು ಹಾಕಿ ನೋಡುವವರು ಒಬ್ಬರೂ ಇಲ್ಲ. ಮ್ಯಾಚ್ ನಡೆಯುವ ಹೊತ್ತಿಗೆ ನಾನು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಾ ಇರುತ್ತೇನೆ. ಕದ್ದು ಸ್ಕೋರು ನೋಡಿ ಸಾವ್ಕಾರ್ರ ಹತ್ತಿರ ಎರಡು ಸಲ ಬೈಸಿಕೊಂಡಿದ್ದೇನೆ. ಸೋತರಂತೂ ಮೂರು ದಿನ ಊಟ ಸೇರುವುದಿಲ್ಲ. ಸುದ್ದಿ ಓದಿ ಓದಿ ಇನ್ನೂ ತಲೆ ಕೆಡುತ್ತದೆ. ಈಗ ಒಂಬತ್ತು ವರ್ಷದ ಮಗ ಸ್ಟಿಕ್ ಕೊಡಿಸು ಅಂತ ಹಟ ಹಿಡಿದಿದ್ದಾನೆ. 2026ರ ಆಗಸ್ಟ್‌ನಲ್ಲಿ ವಿಶ್ವಕಪ್ ಬೇರೆ ಇದೆ. ನಿಮ್ಮ ಅನುಭವ ಹೇಳಿ, ಕೇಳಿಸಿಕೊಳ್ಳುತ್ತೇನೆ.

ಎಪಿಎಂಸಿಯ ಗುಮಾಸ್ತ, ದಾವಣಗೆರೆ

ತಮ್ಮಾ, ನಿಮ್ಮ ಮಾತು ಓದಿ ನನ್ನ ಕಥೆಯೇ ಅನ್ನಿಸಿತು. ನಾನು ದಲಾಲಿ ಅಂಗಡಿಯಲ್ಲಿ ಪಟ್ಟಿ ಬರೆಯುವವನು. ಇಪ್ಪತ್ತೆರಡು ವರ್ಷ ಆಯಿತು. ಮೆಕ್ಕೆಜೋಳದ ಸುಗ್ಗಿಯಲ್ಲಿ ತಲೆ ಎತ್ತಲು ಆಗುವುದಿಲ್ಲ.

ಜೊತೆಗೆ ಯಾರೂ ಇಲ್ಲ ಅಂದಿರಲ್ಲ, ಮೊದಲು ಅದರ ಬಗ್ಗೆ ಹೇಳುತ್ತೇನೆ. ಹಾಕಿ ಗೊತ್ತಿರುವವರನ್ನು ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಪಕ್ಕದಲ್ಲಿ ಇರುವವರಿಗೇ ತೋರಿಸಬೇಕು. ಇದು ನನಗೆ ತಿಳಿದದ್ದು 2021ರ ಆಗಸ್ಟ್ 5ರಂದು. ಟೋಕಿಯೋ ಒಲಿಂಪಿಕ್ಸ್‌ನ ಕಂಚಿನ ಪಂದ್ಯ, ಜರ್ಮನಿ ಎದುರು. ನಮ್ಮ ಸಮಯಕ್ಕೆ ಬೆಳಿಗ್ಗೆ ಏಳು ಗಂಟೆಗೆ ಶುರು. ಮಳೆಗಾಲ, ಆವಕ ಕಡಿಮೆ. ಅಂಗಡಿ ಬೇಗ ತೆಗೆದು, ಜೋಳದ ಚೀಲದ ಮೇಲೆ ಮೊಬೈಲ್ ಆನಿಸಿಟ್ಟು ಒಬ್ಬನೇ ಕೂತೆ. ಎರಡನೇ ನಿಮಿಷಕ್ಕೇ ಜರ್ಮನಿ ಗೋಲು ಹೊಡೆಯಿತು. ನಾನು ಅಯ್ಯೋ ಅಂದದ್ದು ಕೇಳಿ ಒಬ್ಬ ಹಮಾಲಣ್ಣ ಬಂದು ಹಿಂದೆ ನಿಂತರು. ಟೀ ಕುಡಿಯುತ್ತಿದ್ದ ಇನ್ನಿಬ್ಬರು ಬಂದರು. 3-1ರಲ್ಲಿ ನಾವು ಹಿಂದೆ. ಆಮೇಲೆ ನೋಡಿ, ಹಾರ್ದಿಕ್, ಹರ್ಮನ್‌ಪ್ರೀತ್, ರೂಪಿಂದರ್, ಸಿಮ್ರನ್‌ಜೀತ್ ಒಂದಾದ ಮೇಲೊಂದು ಹೊಡೆದರು. 5-3 ಆಗುವ ಹೊತ್ತಿಗೆ ಚೀಲದ ಸುತ್ತ ಎಂಟು ಜನ ಸೇರಿದ್ದರು. ಎಲ್ಲರೂ ಮಾಸ್ಕ್ ಕೆಳಗೆ ಎಳೆದುಕೊಂಡು ಆ ಸಣ್ಣ ಪರದೆ ಮೇಲೆ ಬಗ್ಗಿದ್ದರು.

ಜರ್ಮನಿ 5-4 ಮಾಡಿತು. ಇನ್ನು ಆರು ಸೆಕೆಂಡು ಉಳಿದಿದೆ ಅನ್ನುವಾಗ ಅವರಿಗೆ ಪೆನಾಲ್ಟಿ ಕಾರ್ನರ್, ಅಂದರೆ ತಪ್ಪಿಗೆ ಶಿಕ್ಷೆಯಾಗಿ ಎದುರಾಳಿಗೆ ಸಿಗುವ ಗೋಲಿನ ಅವಕಾಶ. ಹಮಾಲಣ್ಣ ಕೇಳಿದರು: "ಇದ್ಯಾಕ್ರೀ ನಮ್ಮೋರೆಲ್ಲಾ ಗೋಲೊಳಗೆ ಹೋಗಿ ನಿಂತ್ರು?" ನಾನು ಗಡಿಬಿಡಿಯಲ್ಲೇ ಹೇಳಿದೆ: ಗೋಲ್‌ಕೀಪರ್ ಸೇರಿ ಐದೇ ಜನ ತಡೆಯಬೇಕು, ಉಳಿದವರು ನಡುಗೆರೆ ಆಚೆ ನಿಲ್ಲಬೇಕು, ಚೆಂಡು ಒಳಗೆ ಬಂದ ತಕ್ಷಣ ಓಡಬೇಕು. ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದಾಗಿತ್ತು. 1980ರ ಮಾಸ್ಕೋ ಚಿನ್ನದ ನಂತರ 41 ವರ್ಷಕ್ಕೆ ಒಂದು ಪದಕ. ನನಗೆ ಕಣ್ಣೀರು ತಡೆಯಲಾಗಲಿಲ್ಲ. ಹಮಾಲಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಕೊಟ್ಟರು. ಅದರ ಮೇಲೆ ಜೋಳದ ಧೂಳು ಇತ್ತು. ಅದರಲ್ಲೇ ಮುಖ ಒರೆಸಿಕೊಂಡೆ.

ಈಗ ಆ ಹಮಾಲಣ್ಣನೇ ಬಂದು "ಎಷ್ಟು ಕಾರ್ನರ್ ಸಿಕ್ತು?" ಅಂತ ಕೇಳುತ್ತಾರೆ. ಗೋಲು ಎಷ್ಟು ಅಂತ ಆಮೇಲೆ. ಅಷ್ಟು ಆಟ ಅವರಿಗೆ ಗೊತ್ತಾಗಿದೆ. ಹಾಗಾಗಿ ನಿಮ್ಮ ಅಂಗಡಿಯಲ್ಲೇ, ನಿಮ್ಮ ಪಕ್ಕದಲ್ಲೇ ಸೀರೆ ಮಡಿಸುವ ಹುಡುಗನಿಗೆ ಒಂದೇ ಒಂದು ಕ್ವಾರ್ಟರ್ ತೋರಿಸಿ. ಹದಿನೈದು ನಿಮಿಷ ಸಾಕು.

ಸಾವ್ಕಾರ್ರ ವಿಷಯ. ಕದ್ದು ನೋಡಬೇಡಿ. ಕದ್ದು ನೋಡಿದರೆ ಆಟವೂ ಕಾಣುವುದಿಲ್ಲ, ಕೆಲಸವೂ ಕೆಡುತ್ತದೆ. ನಾನು ಪಂದ್ಯಾವಳಿ ಶುರುವಾಗುವ ಮೊದಲೇ ವೇಳಾಪಟ್ಟಿ ಬರೆದುಕೊಂಡು ಹೋಗಿ ಕೇಳಿಬಿಡುತ್ತೇನೆ: "ಈ ಮೂರು ದಿನ ಒಂದೂವರೆ ಗಂಟೆ ಬೇಕು, ಪಟ್ಟಿ ಎಲ್ಲಾ ಮೊದಲೇ ಮುಗಿಸಿರುತ್ತೇನೆ." ಎಲ್ಲಾ ಮ್ಯಾಚ್ ಕೇಳಬಾರದು. ಮೂರು ಕೇಳಿ. ಇದುವರೆಗೆ ನನಗೆ ಒಂದು ಸಲವೂ ಇಲ್ಲ ಅಂದಿಲ್ಲ. ಹಾಕಿಯಲ್ಲಿ ಇದೊಂದು ಅನುಕೂಲ ಇದೆ ನೋಡಿ, ಆಟ 60 ನಿಮಿಷ, ಬಿಡುವೆಲ್ಲ ಸೇರಿದರೂ ಒಂದೂವರೆ ಗಂಟೆ ಆಸುಪಾಸಿನಲ್ಲಿ ಮುಗಿಯುತ್ತದೆ. ವಿಶ್ವಕಪ್ ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ. ಅಲ್ಲಿ ಸಂಜೆ ಆರು ಅಂದರೆ ನಮಗೆ ರಾತ್ರಿ ಒಂಬತ್ತೂವರೆ. ಆ ಹೊತ್ತಿನ ಮ್ಯಾಚ್ ಇದ್ದರೆ ಅಂಗಡಿ ಮುಚ್ಚಿ ಆರಾಮಾಗಿ ನೋಡಬಹುದು.

ಸ್ಟಾಫ್ ನರ್ಸ್, ಚಿತ್ರದುರ್ಗ

ಅಣ್ಣಾ, ಸೋತಾಗಿನ ಸಂಕಟದ ಬಗ್ಗೆ ನಾನು ಹೇಳುತ್ತೇನೆ. ಅದು ನನಗೂ ಜಾಸ್ತಿ ಇತ್ತು.

2024ರ ಆಗಸ್ಟ್ 4, ಭಾನುವಾರ. ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್, ಬ್ರಿಟನ್ ಮೇಲೆ. 17ನೇ ನಿಮಿಷಕ್ಕೆ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ 40 ನಿಮಿಷಕ್ಕೂ ಜಾಸ್ತಿ ಹೊತ್ತು ನಮ್ಮವರು ಹತ್ತೇ ಜನ ಆಡಿದರು. 1-1 ಆಗಿ, ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಆಡುವ ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಗೆದ್ದ ಖುಷಿಗಿಂತ ನನಗೆ ಆ ಕಾರ್ಡಿನ ಸಿಟ್ಟೇ ಹೆಚ್ಚಾಗಿತ್ತು. ಎರಡು ದಿನ ಸಿಕ್ಕ ಸಿಕ್ಕ ಸುದ್ದಿ ಎಲ್ಲಾ ಓದಿದೆ. ಅಂಪೈರನ್ನು ಬೈದವರ ಮಾತು ಓದಿದಷ್ಟೂ ಸಿಟ್ಟು ಏರುತ್ತಿತ್ತು. ರೋಹಿದಾಸ್‌ಗೆ ಸೆಮಿಫೈನಲ್ ಆಡುವ ಹಾಗಿಲ್ಲ ಅಂತ ಬಂದಾಗ ನಿದ್ದೆಯೇ ಬರಲಿಲ್ಲ.

ಆಗಸ್ಟ್ 6ರ ಸೆಮಿಫೈನಲ್ ರಾತ್ರಿ ನನಗೆ ನೈಟ್ ಡ್ಯೂಟಿ. ಫೋನು ಲಾಕರಿನಲ್ಲಿ ಇಟ್ಟಿದ್ದೆ. ಮಧ್ಯರಾತ್ರಿ ದಾಟಿತ್ತು. ಒಬ್ಬ ಅಜ್ಜನಿಗೆ ಡ್ರಿಪ್ ಬಾಟಲಿ ಬದಲಿಸುತ್ತಿದ್ದೆ. ಅಜ್ಜನ ಜೊತೆಗಿದ್ದ ಮೊಮ್ಮಗ ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದ. ಮೆಲ್ಲಗೆ ಹೇಳಿದ: "ಸಿಸ್ಟರ್, ಸೋತ್ವಿ. 3-2." ನನ್ನ ಕೈ ಒಂದು ಕ್ಷಣ ನಿಂತಿತು. ಹನಿ ಬೀಳುತ್ತಿತ್ತು. ಗಡಿಯಾರ ನೋಡಿ ನಿಮಿಷಕ್ಕೆ ಎಷ್ಟು ಹನಿ ಅಂತ ಎಣಿಸಬೇಕಿತ್ತು. ಎಣಿಸಿದೆ. ಅಜ್ಜ ಕಣ್ಣು ಬಿಟ್ಟು ನೀರು ಕೇಳಿದರು, ಕೊಟ್ಟೆ. ಬೆಳಿಗ್ಗೆ ಹ್ಯಾಂಡೋವರ್ ಕೊಟ್ಟು ಮನೆಗೆ ಹೋಗುವಾಗ ಬೇಸರ ಇತ್ತು, ಆದರೆ ತಲೆ ಕೆಟ್ಟಿರಲಿಲ್ಲ. ಆ ರಾತ್ರಿ ನಾನು ಒಂದು ಸುದ್ದಿಯನ್ನೂ ಓದಿರಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಸೋತ ರಾತ್ರಿ ಸ್ಕೋರು ಬಿಟ್ಟು ಏನೂ ನೋಡುವುದಿಲ್ಲ. ಮಾರನೇ ದಿನ ಒಂದು ವರದಿ ಪೂರ್ತಿ ಓದುತ್ತೇನೆ, ಆಮೇಲೆ ಆ ಗಳಿಗೆಯ ವಿಡಿಯೋ ನೋಡುತ್ತೇನೆ. ರೋಹಿದಾಸ್ ಬೇಕಂತ ಹೊಡೆಯಲಿಲ್ಲ ಅಂತ ನಾನು ಈಗಲೂ ನಂಬುತ್ತೇನೆ. ಆದರೆ ಮುಖ ತಲೆಗೆ ಪೆಟ್ಟು ಬಿದ್ದು ಬಂದವರನ್ನು ದಿನಾ ನೋಡುವವಳು ನಾನು. ಸ್ಟಿಕ್ ತಲೆಗೆ ತಗುಲಿದಾಗ ಅಂಪೈರ್ ಕಠಿಣವಾಗಿದ್ದು ಯಾಕೆ ಅಂತಲೂ ಅರ್ಥ ಆಯಿತು. ಸಿಟ್ಟಿನಲ್ಲಿದ್ದಾಗ ಅದು ಕಂಡಿರಲಿಲ್ಲ.

ಎರಡು ದಿನ ಬಿಟ್ಟು ಸ್ಪೇನ್ ಮೇಲೆ 2-1ರಿಂದ ಕಂಚು ಬಂತು. ಎರಡೂ ಗೋಲು ಹರ್ಮನ್‌ಪ್ರೀತ್‌ದು. ಶ್ರೀಜೇಶ್‌ಗೆ ಅದೇ ಕೊನೆಯ ಪಂದ್ಯ.

ಹರಿಹರದಿಂದ ಒಬ್ಬ ಗೃಹಿಣಿ

ಮನೆಯವರನ್ನೂ ಸೇರಿಸಿಕೊಳ್ಳಿ ಅಣ್ಣಾ. 2025ರ ಸೆಪ್ಟೆಂಬರ್ 7, ಏಷ್ಯಾ ಕಪ್ ಫೈನಲ್, ಬಿಹಾರದ ರಾಜಗೀರ್‌ನಲ್ಲಿ. ಅವತ್ತು ರಾತ್ರಿ ಚಂದ್ರಗ್ರಹಣ. ನಮ್ಮ ಅತ್ತೆ ಸಂಜೆಗೇ ಅಡುಗೆ ಊಟ ಮುಗಿಸಿ, ನೀರಿನ ಬಿಂದಿಗೆಗೆ ಗರಿಕೆ ಹಾಕಿ ಕೂತಿದ್ದರು. ಗ್ರಹಣ ಹಿಡಿಯುವ ತನಕ ಏನು ಮಾಡುವುದು ಅಂತ ಟಿವಿ ಮುಂದೆ ಬಂದರು. ಮೊದಲ ನಿಮಿಷಕ್ಕೇ ಸುಖಜೀತ್ ಗೋಲು. ಅತ್ತೆ ಎದ್ದು ನಿಂತರು! ಕೊರಿಯಾ ಮೇಲೆ 4-1. ಆ ಗೆಲುವಿನಿಂದಲೇ ನಮಗೆ ವಿಶ್ವಕಪ್‌ಗೆ ಜಾಗ ಸಿಕ್ಕಿತು. ಆಗಸ್ಟ್ ಬಂತಾ ಅಂತ ಈಗ ಅತ್ತೆಯೇ ಕೇಳುತ್ತಾರೆ.

ದೈಹಿಕ ಶಿಕ್ಷಕ, ಚಿತ್ರದುರ್ಗ ತಾಲ್ಲೂಕು

ಮಗನ ಸ್ಟಿಕ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬೆಳೆಯುವ ಹುಡುಗ ಅಂತ ದೊಡ್ಡ ಸ್ಟಿಕ್ ತರಬೇಡಿ. ಬಟ್ಟೆಯಲ್ಲಿ ನಡೆಯುತ್ತದೆ, ಇದರಲ್ಲಿ ನಡೆಯುವುದಿಲ್ಲ. ದೊಡ್ಡವರ ಸ್ಟಿಕ್ 36.5 ಇಂಚು. ಒಂಬತ್ತು ವರ್ಷದವನಿಗೆ ಅದು ಒನಕೆ ಎತ್ತಿದ ಹಾಗೆ. ಹುಡುಗನನ್ನು ನೆಟ್ಟಗೆ ನಿಲ್ಲಿಸಿ, ಸ್ಟಿಕ್ ಪಕ್ಕಕ್ಕೆ ಊರಿ ನೋಡಿ. ಹಿಡಿ ಸೊಂಟದ ಮೂಳೆ ಹತ್ತಿರ ಬಂದರೆ ಸರಿ. ಮೊದಲಿಗೆ ಮರದ ಸ್ಟಿಕ್ ಸಾಕು. ಅವನು ಎಡಚ ಆಗಿದ್ದರೂ ಇದೇ ಸ್ಟಿಕ್. ಹಾಕಿಯಲ್ಲಿ ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ. ಎಡಗೈ ಮೇಲೆ, ಬಲಗೈ ಕೆಳಗೆ. ಚಪ್ಪಟೆ ಕಡೆಯಿಂದ ಮಾತ್ರ ಆಡಬೇಕು. ಇದನ್ನು ಮೊದಲ ದಿನವೇ ಹೇಳಿಕೊಡಿ, ಆಮೇಲೆ ತಿದ್ದುವುದು ಬಹಳ ಕಷ್ಟ.

ಹಾಕಿ ಚೆಂಡು 156ರಿಂದ 163 ಗ್ರಾಂ, ಕಲ್ಲಿನ ಹಾಗೆ ಗಟ್ಟಿ. ಮೊದಲ ಎರಡು ಮೂರು ತಿಂಗಳು ಟೆನಿಸ್ ಚೆಂಡು ಕೊಡಿ. ಗಟ್ಟಿ ಚೆಂಡಿಗೆ ಹೋಗುವಾಗ ಶಿನ್ ಗಾರ್ಡ್, ಮೌತ್ ಗಾರ್ಡ್ ಇಲ್ಲದೆ ಬಿಡಬೇಡಿ. ಸ್ಟಿಕ್‌ಗಿಂತ ಮೊದಲು ಇವಕ್ಕೆ ದುಡ್ಡು ತೆಗೆದಿಡಿ ಅಂತ ನಾನು ಪ್ರತಿ ಪೋಷಕರಿಗೂ ಹೇಳುತ್ತೇನೆ.

ಟರ್ಫ್ (ಕೃತಕ ಹುಲ್ಲಿನ ಮೈದಾನ) ಇಲ್ಲವಲ್ಲ ಅಂತ ಚಿಂತೆ ಮಾಡುವವರು ಬಹಳ. ನಿಜ, ಮಣ್ಣಿನ ನೆಲದಲ್ಲಿ ಚೆಂಡು ಎಲ್ಲೆಂದರಲ್ಲಿ ಎಗರುತ್ತದೆ. ದೊಡ್ಡ ಪಂದ್ಯಗಳು ನೀರು ಹಾಯಿಸಿದ ಟರ್ಫ್ ಮೇಲೆ ನಡೆಯುತ್ತವೆ, ಅಲ್ಲಿ ಚೆಂಡು ಗೆರೆ ಎಳೆದ ಹಾಗೆ ಹೋಗುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಟರ್ಫ್ ಬಂದಾಗ ನಮ್ಮ ತಂಡವೇ ಏಳನೇ ಸ್ಥಾನಕ್ಕೆ ಇಳಿಯಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದವರು ಅವರು! ಆದರೆ ಒಂಬತ್ತು ವರ್ಷದವನಿಗೆ ಮೊದಲು ಬೇಕಾದ್ದು ಬಗ್ಗಿ ಓಡುವ ಅಭ್ಯಾಸ. ನನ್ನ ಖೋ ಖೋ ಮಕ್ಕಳ ಕೈಗೆ ಸ್ಟಿಕ್ ಕೊಟ್ಟಾಗ ಅವರು ಬೇರೆಯವರಿಗಿಂತ ಬೇಗ ಕಲಿತರು. ಬಗ್ಗುವುದು, ಗಕ್ಕನೆ ತಿರುಗುವುದು ಅವರಿಗೆ ಮೊದಲೇ ಬರುತ್ತಿತ್ತು. ಹಾಗಾಗಿ ಶಾಲೆಯಲ್ಲಿ ಖೋ ಖೋ ಇದ್ದರೆ ಸೇರಿಸಿ.

ಇನ್ನೊಂದು ಮಾತು. 2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಹಾಕಿ ಕೈಬಿಟ್ಟ ಸುದ್ದಿ ಬಂದಾಗ ಇಬ್ಬರು ಪೋಷಕರು ಬಂದು, ಇನ್ನು ಈ ಆಟಕ್ಕೆ ಭವಿಷ್ಯ ಇಲ್ಲವಂತೆ ಸಾರ್, ಹುಡುಗನನ್ನು ಬಿಡಿಸುತ್ತೇವೆ ಅಂದರು. ನನಗೆ ಬಹಳ ನೋವಾಯಿತು. ಒಲಿಂಪಿಕ್ಸ್ ಇದೆ, ವಿಶ್ವಕಪ್ ಇದೆ, ಏಷ್ಯನ್ ಗೇಮ್ಸ್ ಇದೆ ಅಂತ ಕೂರಿಸಿ ಹೇಳಿದೆ. ಒಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಬಿಟ್ಟು ಹೋದ ಹುಡುಗ ಈಗಲೂ ಸಂಜೆ ಮೈದಾನದ ಕಾಂಪೌಂಡ್ ಮೇಲೆ ಕೂತು ನೋಡುತ್ತಿರುತ್ತಾನೆ. ದಯವಿಟ್ಟು ಒಂದು ಸುದ್ದಿ ನೋಡಿ ಮಗುವಿನ ಆಟ ನಿಲ್ಲಿಸಬೇಡಿ.

ಬ್ಯಾಂಕ್ ಉದ್ಯೋಗಿ, ಊರು ಕೊಡಗು, ಈಗ ದಾವಣಗೆರೆ

ಬೇಸಿಗೆ ರಜೆಯಲ್ಲಿ ಮಗನನ್ನು ಕೊಡಗಿಗೆ ಕರೆದುಕೊಂಡು ಬನ್ನಿ. ಟಿವಿಯಲ್ಲಿ ನೂರು ಮ್ಯಾಚ್ ನೋಡಿದರೂ ಸ್ಟಿಕ್ಕಿಗೆ ಚೆಂಡು ತಾಗುವ ಸದ್ದು ಹತ್ತಿರದಿಂದ ಕೇಳಿದ ಹಾಗಾಗುವುದಿಲ್ಲ.

ನಮ್ಮಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಶುರು ಮಾಡಿದರು. ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿ ಗಿನ್ನಿಸ್ ದಾಖಲೆ ಆಯಿತು. ಒಂದೇ ತಂಡದಲ್ಲಿ ಮಾವ, ಅಳಿಯ, ಮನೆ ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಹುಡುಗರು. ಗಂಡಸರ ಜೊತೆಗೇ ಹೆಣ್ಣುಮಕ್ಕಳು ಚೆಂಡಿಗೆ ನುಗ್ಗುತ್ತಾರೆ.

ವರ್ಗಾವಣೆ ಆಗಿ ಇಲ್ಲಿಗೆ ಬಂದಾಗ ನನಗೂ ನಿಮ್ಮ ಹಾಗೇ ಒಂಟಿ ಅನ್ನಿಸಿತ್ತು. ಎಪಿಎಂಸಿಯ ಅಣ್ಣನವರ ಮಾತು ಓದಿ ಧೈರ್ಯ ಬಂತು. ಸಾಲದ ಕಂತು ಕಟ್ಟಲು ಬರುವ ರೈತರಿಗೆ ಭಾರತ ತಂಡಕ್ಕೆ ಆಡಿದ ಎಸ್.ವಿ. ಸುನಿಲ್ ನಮ್ಮ ಕೊಡಗಿನ ಸೋಮವಾರಪೇಟೆಯವರು ಅಂತ ಹೇಳುತ್ತಾ ಇರುತ್ತೇನೆ. ಈ ಸಲ ಮ್ಯಾಚ್ ನೋಡಲು ಬನ್ನಿ ಅಂತಲೇ ಕರೆಯುತ್ತೇನೆ. ಅಣ್ಣಾ, ನೀವೂ ಬನ್ನಿ. ವಿಶ್ವಕಪ್ ಹೊತ್ತಿಗೆ ನಮ್ಮ ಮನೆಯ ಟಿವಿ ಇದೆ. ಮಂಡಕ್ಕಿ, ಮಿರ್ಚಿ ದಾರಿಯಲ್ಲಿ ಕಟ್ಟಿಸಿಕೊಂಡು ಬಂದರೆ ಸಾಕು.

ಮೊದಲು ಕೇಳಿದವನು

ಎಲ್ಲರಿಗೂ ಕೈ ಮುಗಿಯುತ್ತೇನೆ. ಭಾನುವಾರ ಮಗನನ್ನು ಕರೆದುಕೊಂಡು ಹೋಗಿ ಸ್ಟಿಕ್ ತಂದೆ. ಮೇಷ್ಟ್ರು ಹೇಳಿದ ಹಾಗೆ ಅಂಗಡಿಯಲ್ಲೇ ನಿಲ್ಲಿಸಿ ಅಳೆದೆ. ಅವನಿಗೆ ಬಣ್ಣದ ಉದ್ದದ್ದೇ ಬೇಕಿತ್ತು, ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಹಳೇ ಟೆನಿಸ್ ಚೆಂಡು ಮನೆಯಲ್ಲೇ ಇತ್ತು.

ಸಾವ್ಕಾರ್ರ ಹತ್ತಿರವೂ ಮಾತಾಡಿದೆ. ಆಗಸ್ಟ್‌ನಲ್ಲಿ ಶ್ರಾವಣದ ವ್ಯಾಪಾರ, ಮೂರು ದಿನ ಆಗುವುದಿಲ್ಲ, ಎರಡು ದಿನ ಎಂಟೂವರೆಗೆ ಬಿಡುತ್ತೇನೆ ಅಂದರು. ಯಾವ ಎರಡು ಅಂತ ಇನ್ನೂ ಆರಿಸಿಲ್ಲ. ಕೊಡಗಿನ ಅಣ್ಣಾ, ನಿಮ್ಮ ಮನೆಗೆ ಬರುತ್ತೇವೆ. ನಾನು, ಮಗ, ಜೊತೆಗೆ ನಮ್ಮ ಅಂಗಡಿಯಲ್ಲಿ ಸೀರೆ ಮಡಿಸುವ ಹುಡುಗ. ಅವನಿಗೆ ನಿನ್ನೆ ಊಟದ ಬಿಡುವಿನಲ್ಲಿ ಟೋಕಿಯೋದ ಆ ಕೊನೆಯ ಕ್ವಾರ್ಟರ್ ತೋರಿಸಿದೆ. ಗೆದ್ದದ್ದು ಗೊತ್ತಿದ್ದೂ ಆ ಆರು ಸೆಕೆಂಡಿಗೆ ತುತ್ತು ಕೈಯಲ್ಲೇ ಹಿಡಿದು ಕೂತಿದ್ದ.