ಸಹಾಯ ಬೇಕು: ಒಂದು ಹಸುವಿಗೆ ಮಾತ್ರ ಏಕಿಷ್ಟು ಉಣುಗು?

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಕಾಡಂಚಿನಲ್ಲಿ ನಮ್ಮ ಮನೆ. ಎರಡು ಹಸುಗಳೂ ಮೇಯುವುದು ಒಂದೇ ಬ್ಯಾಣದಲ್ಲಿ. ಸಂಜೆ ಮೈ ಸವರಿದರೆ ಕೆಂಪಿಯ ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ ಹರಳುಬೀಜದಂತೆ ಊದಿದ ಉಣುಗುಗಳು. ಗೌರಿಯ ಮೈಮೇಲೆ ಒಂದೆರಡು ಸಿಕ್ಕರೆ ಹೆಚ್ಚು. ಏಕೆ ಹೀಗೆ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಉಣುಗು ಬದುಕಿನ ಮೂರು ಹಂತಗಳಲ್ಲಿ ಮೂರು ಬೇರೆ ಪ್ರಾಣಿಗಳ ಆಸರೆ ಪಡೆಯುತ್ತದೆ. ಮರಿಯಾಗಿದ್ದಾಗ ಇಲಿ, ಹಕ್ಕಿಯಂತಹ ಸಣ್ಣ ಜೀವಿಗಳು, ಬೆಳೆದ ಮೇಲೆ ದನದಂತಹ ದೊಡ್ಡ ಪ್ರಾಣಿಗಳು. ನಡುವಿನ ಹಂತದ್ದು ಮಂಗವನ್ನೂ ಮನುಷ್ಯನನ್ನೂ ಕಚ್ಚುತ್ತದೆ. ನಮಗೆ ಹೆಚ್ಚು ಅಪಾಯ ಇದರಿಂದಲೇ. ಈ ಜಾತಿಯ ಉಣುಗಿಗೆ ಕಣ್ಣಿಲ್ಲ. ಎಲೆಯ ತುದಿಯಲ್ಲಿ ಮುಂಗಾಲು ಚಾಚಿ ಕುಳಿತು, ಆ ಕಾಲಿನಲ್ಲಿರುವ ಪುಟ್ಟ ಗುಳಿಯಿಂದಲೇ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈವಾಸನೆ, ಬಿಸಿಯನ್ನು ಗ್ರಹಿಸುತ್ತದೆ. ನೆನೆದರೆ ಬೆರಗಾಗುತ್ತದೆ!

ಹಾಗಾದರೆ ಅದು ನಿಜವಾಗಿ ಆರಿಸುತ್ತದೆಯೋ, ಅಥವಾ ಅದು ಕುಳಿತ ಎತ್ತರಕ್ಕೆ ಯಾರ ಮೈ ತಾಗುತ್ತದೋ ಅವರನ್ನು ಹಿಡಿಯುತ್ತದೆಯೋ? ನನಗೆ ಎರಡನೆಯದೇ ಹೆಚ್ಚು ಸರಿ ಎನಿಸುತ್ತದೆ. ಆದರೆ ಒಟ್ಟಿಗೇ ಮೇಯುವ ಹಸುಗಳಲ್ಲಿ ಈ ವ್ಯತ್ಯಾಸ ಚರ್ಮದ್ದೋ, ಕೂದಲಿನದ್ದೋ, ರೋಗನಿರೋಧಕ ಶಕ್ತಿಯದ್ದೋ?

ಪಶುವೈದ್ಯರು, ಕೀಟಶಾಸ್ತ್ರ ಓದಿದವರು ದಯವಿಟ್ಟು ವಿವರಿಸಿ. ದನ ಸಾಕಿದವರು ಮಲೆನಾಡು ಗಿಡ್ಡ, ಮಿಶ್ರತಳಿ ಎರಡನ್ನೂ ನೋಡಿದ್ದರೆ ನಿಮ್ಮ ಅನುಭವ ಬರೆಯಿರಿ. ಕೀಳುವಾಗ ಬರಿಗೈ ಬಳಸಬೇಡಿ, ಹಿಸುಕಬೇಡಿ.