ಮೂತ್ರಕೋಶದ ಗಡ್ಡೆಗೆ ಲೇಸರ್ ಆಪರೇಷನ್: ಮಾಡಿಸಿಕೊಂಡವರು ತಿಳಿಸಿ

ಅಪ್ಪನಿಗೆ 64 ವರ್ಷ. ನೋವೇ ಇಲ್ಲದೆ ಎರಡು ಸಲ ಮೂತ್ರದಲ್ಲಿ ರಕ್ತ ಹೋಯಿತು. ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೂತ್ರಕೋಶದ ಪಕ್ಕದ ಗೋಡೆಯಲ್ಲಿ 2 ಸೆಂ.ಮೀ. ಗಡ್ಡೆ ಕಂಡಿದೆ. ಒಬ್ಬ ಡಾಕ್ಟರು ಕರೆಂಟ್ ತಂತಿಯಿಂದ ಕೆರೆದು ತೆಗೆಯೋಣ ಅಂದರು, ಇನ್ನೊಬ್ಬರು ಲೇಸರ್ ಅಂತಾರೆ, ಖರ್ಚು ಜಾಸ್ತಿ. ಏನು ಮಾಡಲಿ?

*ಶಿವಮೊಗ್ಗದಿಂದ:*
ನನಗೆ ಎರಡೂ ಆಗಿದೆಯಮ್ಮ. ಮೊದಲು ಕರೆಂಟಿನದು, 14 ತಿಂಗಳಿಗೆ ಇನ್ನೊಂದು ಗಡ್ಡೆ ಬಂದಾಗ ಹೋಲ್ಮಿಯಂ ಲೇಸರ್. ಎರಡಕ್ಕೂ ಹೊಟ್ಟೆ ಕೊಯ್ಯುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮೂತ್ರದ ದಾರಿಯಲ್ಲೇ ದುರ್ಬೀನು ಹಾಕುತ್ತಾರೆ.

ಪಕ್ಕದ ಗೋಡೆ ಅಂದಿರಲ್ಲ, ಅದು ಮುಖ್ಯ. ಅದರ ಹಿಂದೆಯೇ ತೊಡೆಗೆ ಹೋಗುವ ನರ ಇದೆ. ಕರೆಂಟ್ ತಾಗಿದರೆ ಕಾಲು ತಟ್ಟನೆ ಜಾಡಿಸುತ್ತದೆ, ಆಗ ಮೂತ್ರಕೋಶಕ್ಕೆ ತೂತು ಬೀಳಬಹುದು. (ಅದಕ್ಕೆ ಮೊದಲೇ ನರಕ್ಕೆ ಮದ್ದು ಕೊಟ್ಟು ತಡೆಯುವುದೂ ಉಂಟು.) ಲೇಸರಿನಲ್ಲಿ ಆ ಭಯವಿಲ್ಲ. ರಕ್ತವೂ ಕಡಿಮೆ: ಮೊದಲ ಸಲ ಮೂರು ದಿನ ಸಲೈನ್ ಬಿಟ್ಟು ತೊಳೆದರು, ಎರಡನೇ ಸಲ ಮಾರನೇ ದಿನವೇ ಮೂತ್ರದ ನಳಿಗೆ (ಕ್ಯಾತಿಟರ್) ತೆಗೆದರು.

ಆದರೆ ಡಾಕ್ಟರನ್ನು ಒಂದು ಮಾತು ಕೇಳಲೇಬೇಕು: ಗಡ್ಡೆಯನ್ನು ಸುಟ್ಟು ಆವಿ ಮಾಡುತ್ತೀರೋ, ಬುಡಸಮೇತ ಇಡಿಯಾಗಿ ಬಿಡಿಸುತ್ತೀರೋ? ಸುಟ್ಟುಬಿಟ್ಟರೆ ಬಯಾಪ್ಸಿಗೆ ಏನು ಉಳಿಯುತ್ತದೆ? ಬುಡದಲ್ಲಿ ಸ್ನಾಯುವಿನ ಪದರ ಸಿಕ್ಕರೆ ತಾನೆ ಬೇರು ಎಷ್ಟು ಆಳಕ್ಕೆ ಇಳಿದಿದೆ ಎಂದು ಗೊತ್ತಾಗುವುದು. ನನ್ನ ಮೊದಲ ರಿಪೋರ್ಟಿನಲ್ಲಿ ‘ಸ್ನಾಯು ಸಿಕ್ಕಿಲ್ಲ’ ಎಂದಿತ್ತು. ಅದರ ಅರ್ಥ ಆಗ ನನಗೆ ಯಾರೂ ಬಿಡಿಸಿ ಹೇಳಲಿಲ್ಲ, ಈಗಲೂ ಸಂಕಟವಾಗುತ್ತದೆ. ಇಡಿಯಾಗಿ ತೆಗೆದು ಕೈ ಪಳಗಿದವರು ಸಿಗದಿದ್ದರೆ, ಕರೆಂಟಿನದನ್ನೇ ಚೆನ್ನಾಗಿ ಮಾಡುವವರ ಹತ್ತಿರ ಹೋಗಿ. ಲೇಸರ್ ಎಂಬ ಹೆಸರಿಗೆ ಸಾಲ ಮಾಡಬೇಡಿ.

*ಧಾರವಾಡದಿಂದ:*
ತಂಗಿ, ನಮ್ಮ ಮನಿಯವರಿಗೆ ಲೇಸರ್ ಮಾಡಿಸಿ, ಮುಗೀತು ಅಂತ ಕೂತಿದ್ವಿ. ರಿಪೋರ್ಟ್‌ನಾಗ ಹೈ ಗ್ರೇಡ್, ಅಂದ್ರ ಜೋರು ಬೆಳೆಯೋ ಜಾತಿ ಕ್ಯಾನ್ಸರ್, ಅಂತ ಬಂತು. 5 ವಾರಕ್ಕ ಅದ ಜಾಗಾ ಮತ್ತ ಕೆರದು ನೋಡಿದ್ರು. ಆಮ್ಯಾಲೆ ವಾರಕ್ಕೊಂದರಂಗ 6 ಸಲ ಬಿಸಿಜಿ, ಕೂಸುಗಳಿಗೆ ಟಿಬಿ ಬರಬಾರದು ಅಂತ ಹಾಕ್ತಾರಲ್ಲ, ಅದ ಔಷಧ, ಮೂತ್ರಕೋಶದಾಗ ಬಿಟ್ರು. 2 ತಾಸು ತಡಕೊಂಡಿರಬೇಕು. ಆ ದಿನ ಉರಿ, ಮೈ ಬೆಚ್ಚಗ. ಜ್ವರ ಜೋರು ಬಂದ್ರ, ಇಳೀಲಿಲ್ಲ ಅಂದ್ರ, ಮನಿಯಾಗ ಕೂಡಬ್ಯಾಡ್ರಿ, ಡಾಕ್ಟರಿಗೆ ಫೋನ್ ಮಾಡ್ರಿ. ಲೇಸರ್ ಇರ್ಲಿ, ಕರೆಂಟ್ ಇರ್ಲಿ, ಗಡ್ಡಿ ಮತ್ತ ಬರಬಹುದು. 3 ತಿಂಗಳಿಗೆ ದುರ್ಬೀನು ಹಾಕಿ ನೋಡೋದು ಮಾತ್ರ ತಪ್ಪಸಬ್ಯಾಡ್ರಿ.

*ಮೈಸೂರಿನಿಂದ:*
ಅಪ್ಪ ಆಸ್ಪಿರಿನ್ ಥರದ ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಮೊದಲೇ ಹೇಳಿಬಿಡಿ, ನೀವೇ ನಿಲ್ಲಿಸಬೇಡಿ. ಮನೆಗೆ ಬಂದು ಹತ್ತು ಹನ್ನೆರಡು ದಿನಕ್ಕೆ ನನಗೆ ಮತ್ತೆ ರಕ್ತ ಕಾಣಿಸಿತು. ಗಾಯದ ಹಕ್ಕಳೆ ಬೀಳೋದು, ನೀರು ಚೆನ್ನಾಗಿ ಕುಡೀರಿ ಅಂದ್ರು, ಎರಡು ದಿನಕ್ಕೆ ನಿಂತಿತು. ಹೆಪ್ಪು ಕಟ್ಟಿ ಮೂತ್ರ ನಿಂತರೆ ಮಾತ್ರ ತಕ್ಷಣ ಆಸ್ಪತ್ರೆಗೆ. ಮಲ ಗಟ್ಟಿಯಾಗದ ಹಾಗೆ ನೋಡ್ಕೊಳ್ಳಿ, ತಿಣುಕಬಾರದು. ಅಪ್ಪ ಬೀಡಿ, ಸಿಗರೇಟು ಸೇದ್ತಾರಾ? ಹಾಗಿದ್ರೆ ಇವತ್ತೇ ಬಿಡಿಸಿ. ಈ ಕಾಯಿಲೆಗೆ ದೊಡ್ಡ ಕಾರಣ ಅದೇ.