ಒಂದೇ ಯುಗದ ಕಲ್ಲಿದ್ದಲು: ಝರಿಯಾದಲ್ಲಿ ಮಾತ್ರ ಇಷ್ಟು ಮೀಥೇನ್ ಏಕೆ?

ಪ್ರಶ್ನೆ (ಭೂವಿಜ್ಞಾನ ವಿದ್ಯಾರ್ಥಿ):
ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ತೆಲಂಗಾಣದ ಸಿಂಗರೇಣಿಯಿಂದ ಬರುವ ಕಲ್ಲಿದ್ದಲು ಮತ್ತು ಜಾರ್ಖಂಡ್‌ನ ಝರಿಯಾದ ಕಲ್ಲಿದ್ದಲು ಎರಡೂ ಡೈನೊಸಾರ್‌ಗಳಿಗೂ ಮುಂಚಿನ ಪರ್ಮಿಯನ್ ಯುಗದಲ್ಲಿ, ಗೋಂಡ್ವಾನ ಎಂಬ ಪುರಾತನ ಮಹಾಖಂಡದ ಬಿರುಕು ಕಣಿವೆಗಳಲ್ಲಿ ಶೇಖರವಾದವು. ಆದರೂ ಕಲ್ಲಿದ್ದಲು ಪದರದ ಮೀಥೇನ್ ಎಂದೊಡನೆ ಝರಿಯಾ ಇರುವ ದಾಮೋದರ ಕಣಿವೆಯ ಹೆಸರೇ ಮೊದಲು ಬರುತ್ತದೆ. ದೇಶದ ಮೊದಲ ವಾಣಿಜ್ಯ ಉತ್ಪಾದನೆ 2007ರಲ್ಲಿ ಅಲ್ಲಿನ ರಾಣಿಗಂಜ್‌ನಲ್ಲಿಯೇ ಆರಂಭವಾಯಿತು. ಇದಕ್ಕೆ ಪದರಗಳ ಆಳವಷ್ಟೇ ಕಾರಣವೇ?

ಉತ್ತರ 1:
ಪದರ ಇಂದು ಎಷ್ಟು ಆಳದಲ್ಲಿದೆ ಎಂಬುದಕ್ಕಿಂತ ಹಿಂದೊಮ್ಮೆ ಎಷ್ಟು ಆಳಕ್ಕೆ ಇಳಿದು ಎಷ್ಟು ಕಾವು ಕಂಡಿತು ಎಂಬುದು ಮುಖ್ಯ. ಅಂಚಿನ ಸ್ತರಭಂಗಗಳ (ಶಿಲೆ ಮುರಿದು ಜರುಗಿದ ಗೆರೆಗಳ) ಗುಂಟ ಕಣಿವೆಯ ತಳ ಕುಸಿಯುತ್ತ ಹೋದಂತೆ ಝರಿಯಾದ ಪದರಗಳ ಮೇಲೆ ದಪ್ಪ ಮರಳುಗಲ್ಲು ಕೂತಿತು, ಕಲ್ಲಿದ್ದಲು ಕೋಕ್ (ಉಕ್ಕಿನ ಕುಲುಮೆಯ ಇಂಧನ) ಮಾಡಬಹುದಾದ ಮಟ್ಟಕ್ಕೆ ಪಕ್ವವಾಯಿತು, ಮೀಥೇನ್ ಹೇರಳವಾಗಿ ಹುಟ್ಟಿತು. ಸಿಂಗರೇಣಿಯ ಕಲ್ಲಿದ್ದಲು ಆ ಮಟ್ಟವನ್ನು ಮುಟ್ಟಲೇ ಇಲ್ಲ. ಮುಂದೆ ಕ್ರಿಟೇಶಿಯಸ್ ಕಾಲದಲ್ಲಿ ಶಿಲಾಪಾಕವು ಝರಿಯಾದ ಪದರಗಳನ್ನು ಸೀಳಿ ನುಗ್ಗಿತು. ಅದು ತಗುಲಿದಲ್ಲಿ ಕಲ್ಲಿದ್ದಲು ಬೂದುಬಣ್ಣದ, ಪುಟ್ಟ ಕಂಬಗಳಂತೆ ಸೀಳಿಕೊಂಡ ಗಟ್ಟಿ ವಸ್ತುವಾಗಿದೆ. ಅಲ್ಲಿನ ಗಣಿಯವರು ಅದನ್ನು ಝಾಮಾ ಎನ್ನುತ್ತಾರೆ. ಆದರೆ ಆ ಬಿಸಿ ಒಳನುಗ್ಗಿದ ಶಿಲೆಯ ಅಕ್ಕಪಕ್ಕದಲ್ಲಷ್ಟೇ ನಾಟಿದ್ದರಿಂದ, ಇಡೀ ಕ್ಷೇತ್ರದ ಅನಿಲಕ್ಕೆ ಅದನ್ನೇ ಕಾರಣವಾಗಿ ಹೇಳುವುದು ಸರಿಯಲ್ಲ.

ಉತ್ತರ 2 (ನಿವೃತ್ತ ಗಣಿ ಎಂಜಿನಿಯರ್):
ಹುಟ್ಟಿದ ಅನಿಲವೆಲ್ಲ ಉಳಿಯುವುದಿಲ್ಲ ಎಂಬುದನ್ನು ಸೇರಿಸಬೇಕು. ಮೀಥೇನ್ ಕಲ್ಲಿದ್ದಲಿನ ಸೂಕ್ಷ್ಮರಂಧ್ರಗಳ ಗೋಡೆಗೆ ಒತ್ತಡದ ಬಲದಿಂದ ಅಂಟಿಕೊಂಡಿರುತ್ತದೆ. ಭೂಮಿ ಮೇಲೆದ್ದು ಹೊದಿಕೆ ಸವೆದಾಗ ಒತ್ತಡ ತಗ್ಗಿ, ಬಿರುಕುಗಳ ಮೂಲಕ ಸೋರಿಹೋಗುತ್ತದೆ. ಎಳೆತದಿಂದಾದ ಸ್ತರಭಂಗ ಈ ಸೋರಿಕೆಗೆ ಹಲವೆಡೆ ದಾರಿ ಕೊಡುತ್ತದೆ. ಒತ್ತುವಿಕೆಯಿಂದಾದದ್ದು ದಾರಿ ಮುಚ್ಚಬಹುದು, ಆದರೆ ಕಲ್ಲಿದ್ದಲನ್ನು ಅರೆದುಬಿಡುತ್ತದೆ. ಅಂಥ ಪದರದ ಉಂಡೆಯನ್ನು ಅಂಗೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅದರಲ್ಲಿ ಅನಿಲ ಬಹಳವಿದ್ದರೂ ಅದನ್ನು ತೆಗೆಯಲು ಕೊರೆದ ಬಾವಿಗೆ ಹರಿಯದು. ಗಣಿಯಲ್ಲಿ ಮಾತ್ರ ಒಮ್ಮೆಲೇ ಕಲ್ಲಿದ್ದಲಿನ ಸಮೇತ ಸಿಡಿದು ಬರಬಹುದು. ಟನ್ನಿಗೆ 10 ಘನಮೀಟರ್ ಮೀರಿ ಅನಿಲ ಬಿಡುವ ಪದರಗಳನ್ನು ನಮ್ಮ ಗಣಿ ನಿಯಮಗಳು ಅತಿ ಹೆಚ್ಚು ಅನಿಲದ ಮೂರನೆಯ ದರ್ಜೆಗೆ ಸೇರಿಸಿರುವುದು ಸುಮ್ಮನೆ ಅಲ್ಲ.

ಉತ್ತರ 3:
ಒಂದು ತಕರಾರು. ಮೇಲೆದ್ದರೆ ನಷ್ಟವೇ ಎಂದೇನಿಲ್ಲ. ಅಮೆರಿಕದ ಪೌಡರ್ ರಿವರ್ ಪ್ರದೇಶದ ಕಲ್ಲಿದ್ದಲು ಪಕ್ವವಾಗಿಯೇ ಇಲ್ಲ. ಮೇಲೆದ್ದು ತೆರೆದುಕೊಂಡ ಅಂಚುಗಳಿಂದ ಪದರಗಳೊಳಗೆ ಇಳಿದ ಮಳೆನೀರಿನ ಆಸರೆಯಲ್ಲಿ ಸೂಕ್ಷ್ಮಜೀವಿಗಳು ಅಲ್ಲಿ ಮೀಥೇನ್ ತಯಾರಿಸಿದವು. ಚೀನಾದ ಚಿನ್‌ಶುಯ್‌ನಲ್ಲಿ ಕಥೆ ಬೇರೆ. ಅಲ್ಲಿ ಒಮ್ಮೆ ಪಕ್ವವಾಗಿದ್ದ ಕಲ್ಲಿದ್ದಲಿಗೆ ಜುರಾಸಿಕ್ ಕೊನೆಯಿಂದ ಕ್ರಿಟೇಶಿಯಸ್ ಆದಿಯವರೆಗಿನ ಭೂಚಲನೆ ಮತ್ತೊಮ್ಮೆ ಕಾವು ಕೊಟ್ಟು, ದಕ್ಷಿಣ ಭಾಗದಲ್ಲಿ ಆಂಥ್ರಸೈಟ್ (ಅತಿ ಪಕ್ವ ಕಲ್ಲಿದ್ದಲು) ಮಾಡಿ, ಎರಡನೆಯ ಸುತ್ತಿನ ಅನಿಲ ಹುಟ್ಟಿಸಿತು.

ಪ್ರಶ್ನೆ ಕೇಳಿದವರು:
ಹಾಗಾದರೆ ಕಾವು ಮೊದಲೋ ಮೇಲೇಳುವಿಕೆ ಮೊದಲೋ ಎಂಬುದನ್ನು ಮಾದರಿಯಲ್ಲಿ ಪತ್ತೆಮಾಡುವುದು ಹೇಗೆ?

ಉತ್ತರ 2:
ಕಲ್ಲಿದ್ದಲಿನಲ್ಲಿರುವ ವಿಟ್ರಿನೈಟ್ ಎಂಬ ಹೊಳಪಿನ ಘಟಕ ಎಷ್ಟು ಬೆಳಕು ಪ್ರತಿಫಲಿಸುತ್ತದೆ ಎಂಬುದನ್ನು ಅಳೆದರೆ ಕಂಡ ಗರಿಷ್ಠ ಕಾವು ಗೊತ್ತಾಗುತ್ತದೆ, ಯಾವಾಗ ಎಂಬುದಲ್ಲ. ಅದೇ ಬಾವಿಯ ಮರಳುಗಲ್ಲಿನಲ್ಲಿರುವ ಅಪಟೈಟ್ ಎಂಬ ಖನಿಜದ ಹರಳುಗಳಲ್ಲಿ ಯುರೇನಿಯಂ ವಿದಳನದ ಗೀರುಗಳನ್ನು ಎಣಿಸಿ ಅವುಗಳ ಉದ್ದ ಅಳೆಯಿರಿ. ಶಿಲೆ ತಣಿದ ಕಾಲ ಅಲ್ಲಿ ಸಿಗುತ್ತದೆ.